ಹೆಸರು ಬದಲಿಸಿದರೂ ತೆರೆಯದ ಬಾಗಿಲು: ಉತ್ತರ ಮ್ಯಾಸಿಡೋನಿಯಾದ ಕಥೆ

ಇವತ್ತಿನ ಸಂಚಿಕೆಯಲ್ಲಿ ಒಂದು ಪುಟ್ಟ ದೇಶದ ಕಥೆ ಹೇಳ್ತೀನಿ. ಒಂದು ಕುರ್ಚಿಯಿಂದ ಶುರು ಮಾಡೋಣ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ದೇಶಗಳನ್ನ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಕೂರಿಸ್ತಾರೆ. 1993ರ ಏಪ್ರಿಲ್ 8ರಂದು ಅಲ್ಲಿಗೆ ಒಂದು ಹೊಸ ದೇಶ ಬಂತು. ಅದು ತನ್ನನ್ನ ಮ್ಯಾಸಿಡೋನಿಯಾ ಅಂತ ಕರ್ಕೊಳ್ತಿತ್ತು. ಆದರೆ ಪಕ್ಕದ ಗ್ರೀಸ್ ಆ ಹೆಸರನ್ನ ಒಪ್ಪಲಿಲ್ಲ. ಹಾಗಾಗಿ ತಾತ್ಕಾಲಿಕವಾಗಿ ಒಂದು ಉದ್ದನೆಯ ಹೆಸರು ಕೊಟ್ಟರು: 'ದಿ ಫಾರ್ಮರ್ ಯುಗೋಸ್ಲಾವ್ ರಿಪಬ್ಲಿಕ್ ಆಫ್ ಮ್ಯಾಸಿಡೋನಿಯಾ'. ಸರಿ, ಈಗ ಕೂರಿಸೋದು ಎಲ್ಲಿ? 'ಎಂ' ಸಾಲಿನಲ್ಲಿ ಕೂರಿಸೋದು ಬೇಡ ಅಂತ ಗ್ರೀಸ್. 'ಫಾರ್ಮರ್' ಅಂತ 'ಎಫ್' ಸಾಲಿನಲ್ಲಿ ನಾವು ಕೂರಲ್ಲ ಅಂತ ಇವರು. ಕೊನೆಗೆ 'ದಿ' ಅನ್ನೋ ಪದದ 'ಟಿ' ಹಿಡಿದು ಥಾಯ್ಲೆಂಡ್ ಪಕ್ಕದಲ್ಲಿ ಕೂರಿಸಿದರು. ಬಾವುಟ ಹಾರಿಸೋದಕ್ಕೂ ಬಿಡಲಿಲ್ಲ, ಯಾಕಂದ್ರೆ ಬಾವುಟದ ಮೇಲಿನ ಸೂರ್ಯನ ಗುರುತು ನಮ್ಮದು ಅಂತ ಗ್ರೀಸ್ ಹೇಳ್ತಿತ್ತು.

ನಗು ಬರುತ್ತೆ, ಗೊತ್ತು. ಆದರೆ ಆ ಕುರ್ಚಿಯ ಜಗಳ ಮುಗಿಯೋಕೆ 26 ವರ್ಷ ಬೇಕಾಯ್ತು.

ಪತ್ರಿಕೆಗಳಲ್ಲಿ, ಟಿವಿಯಲ್ಲಿ 'ಪ್ರಾದೇಶಿಕ ಸ್ಥಿರತೆ', 'ಒಕ್ಕೂಟದ ವಿಸ್ತರಣೆ' ಅನ್ನೋ ಪದಗಳು ಬಂದ ತಕ್ಷಣ ನಾವು ಮುಂದಿನ ಸುದ್ದಿಗೆ ಹೋಗ್ತೀವಿ. ಕೇಳೋಕೆ ಅವು ಅಷ್ಟು ಸಪ್ಪೆ. ಆದರೆ 18 ಲಕ್ಷ ಜನರ ದೇಶಕ್ಕೆ ಅದು ಉಳಿವಿನ ಪ್ರಶ್ನೆ. ದೊಡ್ಡ ದೇಶಕ್ಕೆ ನೆರೆಯಲ್ಲಿ ಯುದ್ಧ ಆದರೆ ಅದೊಂದು ವಿದೇಶಾಂಗ ಸಮಸ್ಯೆ. ಪುಟ್ಟ ದೇಶಕ್ಕೆ ಅದೇ ಯುದ್ಧ ಬೆಳಗಾಗೋದ್ರೊಳಗೆ ಮನೆ ಬಾಗಿಲಿಗೆ ಬಂದು ನಿಂತಿರುತ್ತೆ. ಹಾಗಾಗಿ ಅಂಥ ದೇಶಕ್ಕೆ ದೊಡ್ಡ ಒಕ್ಕೂಟ ಸೇರೋದು ಮನೆಗೆ ಸೂರು ಹಾಕಿಸ್ಕೊಂಡ ಹಾಗೆ. ಆ ಸೂರಿಗಾಗಿ ಈ ದೇಶ ಏನೇನು ಕೊಟ್ಟಿತು, ಬದಲಿಗೆ ಏನು ಸಿಕ್ಕಿತು ಅನ್ನೋದೇ ಇವತ್ತಿನ ವಿಷಯ.

ಮೊದಲು ನಕ್ಷೆ ನೋಡಿ. ಫೋನ್‌ನಲ್ಲಿ ಮ್ಯಾಪ್ ತೆಗೆದರೆ ಇನ್ನೂ ಒಳ್ಳೇದು. ಗ್ರೀಸ್‌ನ ನೆತ್ತಿಯ ಮೇಲೆ, ಬಲ್ಗೇರಿಯಾದ ಎಡಕ್ಕೆ, ಅಲ್ಬೇನಿಯಾದ ಬಲಕ್ಕೆ, ಸರ್ಬಿಯಾ ಮತ್ತು ಕೊಸೊವೊದ ಕೆಳಗೆ ಇರೋ ಜಾಗ ಅದು. ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ಸಮುದ್ರ ಇಲ್ಲ. ವಾರ್ದಾರ್ ನದಿಯ ಕಣಿವೆಯಲ್ಲಿ ಇಳಿದು ದಕ್ಷಿಣಕ್ಕೆ ಹೋದರೆ ಗ್ರೀಸ್‌ನ ಥೆಸಲೊನೀಕಿ ಬಂದರು. ಸರಕು ಸಾಗಿಸೋಕೆ ಅದೇ ಹತ್ತಿರದ ದಾರಿ. ರಾಜಧಾನಿ ಸ್ಕೋಪ್ಯೆ. ಈ ಊರಿನ ಹೆಸರು ನೀವು ಕೇಳಿರದಿದ್ದರೂ ಅಲ್ಲಿ ಹುಟ್ಟಿದ ಒಬ್ಬರು ನಿಮಗೆ ಚೆನ್ನಾಗಿ ಗೊತ್ತು. 1910ರಲ್ಲಿ ಅಲ್ಲಿನ ಅಲ್ಬೇನಿಯನ್ ಕುಟುಂಬವೊಂದರಲ್ಲಿ ಹುಟ್ಟಿ, ಮುಂದೆ ಕೋಲ್ಕತ್ತಾಗೆ ಬಂದು ಮದರ್ ತೆರೇಸಾ ಆದವರು. ಆಗ ಅದು ಇನ್ನೂ ಒಟ್ಟೋಮನ್ ಸಾಮ್ರಾಜ್ಯದ ಪಟ್ಟಣ.

ಈ ದೇಶದ ಕಷ್ಟ ಏನು ಗೊತ್ತಾ? ಒಬ್ಬೊಬ್ಬ ನೆರೆಯವರಿಗೆ ಒಂದೊಂದು ತಕರಾರು. ಗ್ರೀಸ್‌ಗೆ ಹೆಸರಿನ ಮೇಲೆ. ಬಲ್ಗೇರಿಯಾಗೆ ಭಾಷೆ, ಇತಿಹಾಸದ ಮೇಲೆ. ಸರ್ಬಿಯಾದ ಚರ್ಚ್ 2022ರವರೆಗೆ ಇವರ ಚರ್ಚಿನ ಸ್ವಾತಂತ್ರ್ಯವನ್ನೇ ಒಪ್ಪಿರಲಿಲ್ಲ. ಇನ್ನು ದೇಶದೊಳಗೆ ಸುಮಾರು ಕಾಲು ಭಾಗ ಜನ ಅಲ್ಬೇನಿಯನ್ನರು. ಕೊಸೊವೊದಲ್ಲಿ ಬೆಂಕಿ ಹತ್ತಿದರೆ ಹೊಗೆ ಇಲ್ಲಿಗೆ ಬಂದೇ ಬರುತ್ತೆ.

1991ಕ್ಕೆ ಹೋಗೋಣ. ಯುಗೋಸ್ಲಾವಿಯಾ ಒಡೀತಿತ್ತು. ಕ್ರೊಯೇಷಿಯಾದಲ್ಲಿ ರಕ್ತ ಹರೀತಿತ್ತು, ಬೋಸ್ನಿಯಾದಲ್ಲಿ ಅದಕ್ಕಿಂತ ಘೋರವಾದದ್ದು ಆಗೋದ್ರಲ್ಲಿತ್ತು. ಸೆಪ್ಟೆಂಬರ್ 8ರಂದು ಮ್ಯಾಸಿಡೋನಿಯಾದ ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಅಧ್ಯಕ್ಷ ಕಿರೊ ಗ್ಲಿಗೊರೊವ್ ಎಪ್ಪತ್ತು ದಾಟಿದ ಹಳೇ ಕಮ್ಯುನಿಸ್ಟ್ ರಾಜಕಾರಣಿ. ಅವರು ಯುಗೋಸ್ಲಾವ್ ಸೇನೆಯ ಜೊತೆ ಮಾತಾಡಿ, 1992ರ ಮಾರ್ಚ್ ಹೊತ್ತಿಗೆ ಗುಂಡು ಹಾರಿಸದೇ ಅದನ್ನ ಹೊರಗೆ ಕಳಿಸಿದರು. ಸೇನೆ ಹೋಗುವಾಗ ಶಸ್ತ್ರಾಸ್ತ್ರ ಕಟ್ಕೊಂಡು ಹೋಯ್ತು. ಹೋಗ್ಲಿ ಬಿಡಿ ಅಂದ್ರು. ಸ್ವತಂತ್ರವಾದಾಗ ಈ ದೇಶದ ಹತ್ತಿರ ಸೈನ್ಯ ಅಂತ ಹೇಳಿಕೊಳ್ಳೋಕೆ ಹೆಚ್ಚೇನೂ ಇರಲಿಲ್ಲ. ಆದರೆ ಹೆಣ ಬೀಳದೆ ಯುಗೋಸ್ಲಾವಿಯಾದಿಂದ ಆಚೆ ಬಂತು.

ಆಮೇಲೆ ಗ್ಲಿಗೊರೊವ್ ಮಾಡಿದ ಕೆಲಸ ನನಗೆ ಇವತ್ತಿಗೂ ಆಶ್ಚರ್ಯ ಹುಟ್ಟಿಸುತ್ತೆ. ವಿಶ್ವಸಂಸ್ಥೆಯ ಶಾಂತಿಪಾಲಕರು ಸಾಮಾನ್ಯವಾಗಿ ಬರೋದು ಯಾವಾಗ? ಯುದ್ಧ ಮುಗಿದ ಮೇಲೆ, ಇಲ್ಲಾ ನಡೀತಿರೋವಾಗ. ಇವರು ಯುದ್ಧ ಶುರುವಾಗೋ ಮೊದಲೇ ಕಳಿಸಿ ಅಂತ ಕೇಳಿದರು. 1992ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ ಒಪ್ಪಿತು. ಯುದ್ಧ ಆಗದಿರಲಿ ಅಂತಲೇ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿದ್ದು ಅದೇ ಮೊದಲು. ಸುಮಾರು ಸಾವಿರ ಸೈನಿಕರು ಸರ್ಬಿಯಾ, ಅಲ್ಬೇನಿಯಾ ಗಡಿಗಳಲ್ಲಿ ನಿಂತು ನೋಡ್ತಿದ್ದರು, ಅಷ್ಟೇ. ಆದರೆ ಅವರಲ್ಲಿ ಅಮೆರಿಕದ ಸೈನಿಕರೂ ಇದ್ದರು. ಅವರ ಮೇಲೆ ಗುಂಡು ಬಿದ್ದರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ!

ಉತ್ತರದ ಗಡಿ ಹೀಗೆ ಸುರಕ್ಷಿತವಾಯ್ತು. ದಕ್ಷಿಣದಲ್ಲಿ ಕಥೆ ಬೇರೆ.

ಗ್ರೀಸ್‌ನ ವಾದವನ್ನೂ ನ್ಯಾಯವಾಗಿ ಹೇಳಬೇಕು. ಗ್ರೀಸ್‌ನ ಉತ್ತರ ಭಾಗದ ಹೆಸರೂ ಮ್ಯಾಸಿಡೋನಿಯಾನೇ. ಅಲೆಕ್ಸಾಂಡರ್ ಹುಟ್ಟಿದ ನೆಲ ಅದು. ಥೆಸಲೊನೀಕಿ ಅದರ ದೊಡ್ಡ ನಗರ. 1940ರ ದಶಕದಲ್ಲಿ ಅಂತರ್ಯುದ್ಧ ನಡೆದಾಗ ಈ ಪ್ರದೇಶ ಕೈತಪ್ಪಿ ಹೋಗುತ್ತೇನೋ ಅನ್ನೋ ಭಯವನ್ನ ಗ್ರೀಕರು ಅನುಭವಿಸಿದ್ದರು. ಈಗ ಪಕ್ಕದಲ್ಲೇ ಅದೇ ಹೆಸರಿನ ದೇಶ. ಬಾವುಟದ ಮೇಲೆ ಪ್ರಾಚೀನ ಮ್ಯಾಸಿಡೋನಿಯಾದ ರಾಜಮನೆತನದ ಸೂರ್ಯ. ಇವತ್ತು ಹೆಸರು ಕೇಳಿದವರು ನಾಳೆ ನೆಲ ಕೇಳಲ್ವಾ ಅನ್ನೋ ಅನುಮಾನ ಅವರದ್ದು. 1992ರಲ್ಲಿ ಥೆಸಲೊನೀಕಿಯ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದ್ದು ಸುಮ್ಮನೆ ಅಲ್ಲ. ಆದರೂ ಸರಿಯಾದ ಸೈನ್ಯವೇ ಇಲ್ಲದ 20 ಲಕ್ಷ ಜನರ ದೇಶ, ನ್ಯಾಟೋ ಸದಸ್ಯನಾದ ಗ್ರೀಸ್‌ನ ನೆಲ ಕಿತ್ಕೊಳ್ಳುತ್ತೆ ಅನ್ನೋದು ನನಗಂತೂ ಒಪ್ಪೋಕೆ ಕಷ್ಟ.

1994ರ ಫೆಬ್ರುವರಿಯಲ್ಲಿ ಗ್ರೀಸ್ ಥೆಸಲೊನೀಕಿ ಬಂದರನ್ನ ಮ್ಯಾಸಿಡೋನಿಯಾದ ಸರಕುಗಳಿಗೆ ಮುಚ್ಚಿತು. ಉತ್ತರದಲ್ಲಿ ಸರ್ಬಿಯಾದ ದಾರಿ ವಿಶ್ವಸಂಸ್ಥೆಯ ನಿರ್ಬಂಧದಿಂದ ಮೊದಲೇ ಮುಚ್ಚಿತ್ತು. ಅಂದ್ರೆ ಮೇಲಿನ ಬಾಗಿಲೂ ಬಂದ್, ಕೆಳಗಿನ ಬಾಗಿಲೂ ಬಂದ್. ಪೂರ್ವ-ಪಶ್ಚಿಮಕ್ಕೆ ಹೋಗೋಣ ಅಂದ್ರೆ ಬಲ್ಗೇರಿಯಾಗೆ ರೈಲು ಹಳಿಯೇ ಇರಲಿಲ್ಲ. ಇವತ್ತಿಗೂ ಸ್ಕೋಪ್ಯೆಯಿಂದ ಬಲ್ಗೇರಿಯಾದ ರಾಜಧಾನಿ ಸೋಫಿಯಾಗೆ ನೇರ ರೈಲು ಮಾರ್ಗ ಇಲ್ಲ.

ಒಂದೂವರೆ ವರ್ಷ ಹೀಗೇ ನಡೀತು. 1995ರ ಸೆಪ್ಟೆಂಬರ್ 13ರಂದು ನ್ಯೂಯಾರ್ಕ್‌ನಲ್ಲಿ ಮಧ್ಯಂತರ ಒಪ್ಪಂದ ಆಯ್ತು. ಇವರು ಬಾವುಟ ಬದಲಿಸಬೇಕು, ಅವರು ದಿಗ್ಬಂಧನ ತೆಗೀಬೇಕು. ತಾತ್ಕಾಲಿಕ ಹೆಸರಲ್ಲಿ ಇವರು ಯಾವುದಾದರೂ ಅಂತರರಾಷ್ಟ್ರೀಯ ಸಂಸ್ಥೆ ಸೇರೋದಾದರೆ ಗ್ರೀಸ್ ಅಡ್ಡ ಬರಬಾರದು. ಈ ಕೊನೇ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಹೆಸರಿನ ಮಾತುಕತೆ ಮುಂದುವರೀಲಿ ಅಂತ ಬಿಟ್ಟರು. ಒಪ್ಪಂದ ಆಗಿ ಮೂರು ವಾರಕ್ಕೆ ಸ್ಕೋಪ್ಯೆಯಲ್ಲಿ ಗ್ಲಿಗೊರೊವ್ ಕಾರಿನ ಹತ್ತಿರ ಬಾಂಬ್ ಸಿಡೀತು. ಚಾಲಕ ಸತ್ತರು. ಗ್ಲಿಗೊರೊವ್ ಬದುಕಿದರು, ಒಂದು ಕಣ್ಣು ಹೋಯ್ತು.

ಪುಟ್ಟ ದೇಶಗಳು ಯಾವಾಗಲೂ ಜಾಣತನ ತೋರಿಸ್ತವೆ ಅಂತೇನಿಲ್ಲ. 1999ರ ಜನವರಿಯಲ್ಲಿ ಸ್ಕೋಪ್ಯೆಯ ಹೊಸ ಸರ್ಕಾರ ಹೂಡಿಕೆಯ ಆಸೆಗೆ ತೈವಾನ್ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಚೀನಾ ಸುಮ್ಮನಿರುತ್ತಾ? ಫೆಬ್ರುವರಿ 25ರಂದು ಶಾಂತಿಪಾಲಕರ ಅವಧಿ ವಿಸ್ತರಣೆಯ ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ ವೀಟೊ ಹಾಕಿತು. ಆರು ವರ್ಷ ಕಾಪಾಡಿದ ಗಡಿ ಕಾವಲು ಹೀಗೆ ಮುಗೀತು. ತಿಂಗಳು ಕಳೆಯೋದ್ರೊಳಗೆ ನ್ಯಾಟೋ ಸರ್ಬಿಯಾದ ಮೇಲೆ ಬಾಂಬ್ ಹಾಕೋಕೆ ಶುರು ಮಾಡ್ತು, ಕೊಸೊವೊದಿಂದ ನಿರಾಶ್ರಿತರು ಬರೋಕೆ ಶುರುವಾದರು. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜನ. 20 ಲಕ್ಷ ಜನಸಂಖ್ಯೆಯ ದೇಶಕ್ಕೆ ಕೆಲವೇ ವಾರಗಳಲ್ಲಿ! ಸುಮ್ಮನೆ ಲೆಕ್ಕ ಹಾಕಿ: ಆರೇಳು ಜನರಿರೋ ಮನೆಗೆ ರಾತ್ರೋರಾತ್ರಿ ಇನ್ನೊಬ್ಬರು ಬಂದು ಸೇರಿದ ಹಾಗೆ, ದೇಶದ ಪ್ರತಿ ಮನೆಯಲ್ಲೂ. ತೈವಾನ್ ಸಂಬಂಧ? 2001ರಲ್ಲಿ ಅದನ್ನ ಕಡಿದು ವಾಪಸ್ ಚೀನಾ ಕಡೆಗೆ ಬಂದರು.

ಅದೇ 2001ರಲ್ಲಿ ಎಲ್ಲರೂ ಹೆದರಿದ್ದೇ ಆಯ್ತು. ಅಲ್ಬೇನಿಯನ್ ಬಂಡುಕೋರರು ಶಸ್ತ್ರ ಹಿಡಿದರು. ಆರೇಳು ತಿಂಗಳು ಘರ್ಷಣೆ. ಇನ್ನೊಂದು ಬೋಸ್ನಿಯಾ ಆಗುತ್ತೆ ಅಂತ ಯುರೋಪ್ ನಡುಗಿತು. ಆದರೆ ಆಗಸ್ಟ್ 13ರಂದು ಓಹ್ರಿದ್ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಬೇನಿಯನ್ ಭಾಷೆಗೆ ಹೆಚ್ಚಿನ ಸ್ಥಾನ, ಪೊಲೀಸ್ ಮತ್ತು ಸರ್ಕಾರಿ ಕೆಲಸಗಳಲ್ಲಿ ನ್ಯಾಯವಾದ ಪಾಲು, ಸ್ಥಳೀಯ ಆಡಳಿತಕ್ಕೆ ಅಧಿಕಾರ. ಬಂಡುಕೋರರು ನ್ಯಾಟೋ ಕೈಗೆ ಶಸ್ತ್ರ ಒಪ್ಪಿಸಿದರು. 2003ರಲ್ಲಿ ಐರೋಪ್ಯ ಒಕ್ಕೂಟ ತನ್ನ ಇತಿಹಾಸದ ಮೊದಲ ಸೇನಾ ಕಾರ್ಯಾಚರಣೆಯನ್ನ ನಡೆಸಿದ್ದೂ ಇಲ್ಲೇ.

ಇದು ಯಾಕೆ ಸಾಧ್ಯ ಆಯ್ತು? ಮ್ಯಾಸಿಡೋನಿಯನ್ನರು, ಅಲ್ಬೇನಿಯನ್ನರು ಒಬ್ಬರನ್ನೊಬ್ಬರು ಇದ್ದಕ್ಕಿದ್ದ ಹಾಗೆ ಪ್ರೀತಿಸೋಕೆ ಶುರು ಮಾಡಿದ್ರು ಅಂತೇನೂ ಅಲ್ಲ. ಎರಡೂ ಕಡೆಯವರಿಗೂ ಬೇಕಾಗಿದ್ದ ಒಂದೇ ವಸ್ತು ಇತ್ತು: ಬ್ರಸೆಲ್ಸ್. ನಾಳೆ ನಾವೆಲ್ಲ ಐರೋಪ್ಯ ಒಕ್ಕೂಟದಲ್ಲಿ ಇರ್ತೀವಿ ಅಂದ್ರೆ ಇವತ್ತು ಯಾವ ಹಳ್ಳಿ ಯಾರಿಗೆ ಸೇರಬೇಕು ಅಂತ ಹೊಡೆದಾಡೋದು ಯಾಕೆ? 'ವಿಸ್ತರಣೆ' ಅನ್ನೋ ಆ ಸಪ್ಪೆ ಪದ ಕೆಲಸ ಮಾಡೋದು ಹೀಗೆ. ಬಾಗಿಲು ನಿಜಕ್ಕೂ ತೆರೆಯುತ್ತೆ ಅನ್ನೋ ನಂಬಿಕೆ ಇರೋವರೆಗೆ ಮಾತ್ರ.

2004ರ ಫೆಬ್ರುವರಿ 26ರಂದು ಸದಸ್ಯತ್ವದ ಅರ್ಜಿ ಕೊಡೋಕೆ ಪ್ರಧಾನಿಯ ನಿಯೋಗ ಐರ್ಲೆಂಡ್‌ನ ಡಬ್ಲಿನ್‌ಗೆ ಹೋಗಿತ್ತು. ಅದೇ ದಿನ ಬೆಳಗ್ಗೆ ಬೋಸ್ನಿಯಾದ ಬೆಟ್ಟಗಳಲ್ಲಿ ವಿಮಾನ ಅಪಘಾತವಾಗಿ ಅಧ್ಯಕ್ಷ ಬೊರಿಸ್ ಟ್ರಾಯ್ಕೊವ್ಸ್ಕಿ ತೀರಿಕೊಂಡರು. ಅರ್ಜಿ ಕೊಡದೆ ನಿಯೋಗ ವಾಪಸ್ ಬಂತು. ಮಾರ್ಚ್‌ನಲ್ಲಿ ಮತ್ತೆ ಹೋಗಿ ಕೊಟ್ಟರು. 2005ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ದೇಶ ಅನ್ನೋ ಮಾನ್ಯತೆ ಸಿಕ್ಕಿತು. ಇನ್ನೇನು, ನಾಲ್ಕೈದು ವರ್ಷ ಅಂತ ಎಲ್ಲರೂ ಅಂದುಕೊಂಡರು.

2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ನ್ಯಾಟೋ ಶೃಂಗಸಭೆ. ಕ್ರೊಯೇಷಿಯಾ, ಅಲ್ಬೇನಿಯಾ, ಮ್ಯಾಸಿಡೋನಿಯಾ ಮೂರಕ್ಕೂ ಆಹ್ವಾನ ಅನ್ನೋ ನಿರೀಕ್ಷೆ ಇತ್ತು. ಮೊದಲ ಎರಡಕ್ಕೆ ಸಿಕ್ಕಿತು. ಮೂರನೆಯದಕ್ಕೆ ಗ್ರೀಸ್ ಅಡ್ಡ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತೀವಲ್ಲ, ಹಾಗೆ. ನೆನಪಿದೆಯಾ, ಅಡ್ಡ ಬರಲ್ಲ ಅಂತ 1995ರಲ್ಲಿ ಬರೆದುಕೊಟ್ಟಿದ್ದರು. ಮ್ಯಾಸಿಡೋನಿಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು. 2011ರ ಡಿಸೆಂಬರ್ 5ರಂದು ತೀರ್ಪು ಬಂತು: 15 ನ್ಯಾಯಮೂರ್ತಿಗಳು ಗ್ರೀಸ್ ಮಾತು ಮುರಿದಿದೆ ಅಂದರು, ಒಬ್ಬರು ಮಾತ್ರ ಇಲ್ಲ ಅಂದರು. ಅದ್ಭುತ ಗೆಲುವು! ಆದರೆ ಆ ಗೆಲುವಿನಿಂದ ಏನೂ ಬದಲಾಗಲಿಲ್ಲ. ಮುಂದೆ ಹೀಗೆ ಮಾಡಬೇಡಿ ಅಂತ ಗ್ರೀಸ್‌ಗೆ ಆದೇಶ ಕೊಡಿ ಅನ್ನೋ ಮನವಿಯನ್ನ ಕೋರ್ಟ್ ಒಪ್ಪಲಿಲ್ಲ. ನ್ಯಾಟೋ ಬಾಗಿಲ ಚಿಲಕ ಗ್ರೀಸ್ ಕೈಯಲ್ಲೇ ಉಳೀತು.

ಅವಮಾನ ಆದಾಗ ಜನ ಏನು ಮಾಡ್ತಾರೆ? ಎದೆಯುಬ್ಬಿಸ್ತಾರೆ. ಆಗಿನ ಪ್ರಧಾನಿ ನಿಕೊಲಾ ಗ್ರುಯೆವ್ಸ್ಕಿ ಹಿಡಿದಿದ್ದು ಅದೇ ದಾರಿ. ಸ್ಕೋಪ್ಯೆ ವಿಮಾನ ನಿಲ್ದಾಣಕ್ಕೆ ಮೊದಲೇ ಅಲೆಕ್ಸಾಂಡರ್ ಹೆಸರು ಇಟ್ಟಾಗಿತ್ತು, ಹೆದ್ದಾರಿಗೂ ಅದೇ ಬಂತು. ನಗರದ ನಡುವೆ ಕುದುರೆ ಏರಿದ ಯೋಧನ ದೈತ್ಯ ಪ್ರತಿಮೆ. ಹೆಸರು ಬರೀ 'ಕುದುರೆಯ ಮೇಲಿನ ಯೋಧ', ಆದರೆ ಅದು ಯಾರು ಅಂತ ಮಕ್ಕಳಿಗೂ ಗೊತ್ತು. 'ಸ್ಕೋಪ್ಯೆ 2014' ಅನ್ನೋ ಯೋಜನೆಯಲ್ಲಿ ಬಡ ದೇಶವೊಂದು ನೂರಾರು ಮಿಲಿಯನ್ ಯೂರೊ ಸುರಿದು ಪ್ರತಿಮೆಗಳನ್ನ, ಕಂಬ ಕಮಾನುಗಳ ಕಟ್ಟಡಗಳನ್ನ ಕಟ್ಟಿಸಿತು. ಅಲೆಕ್ಸಾಂಡರ್ ಕಾಲಕ್ಕೂ, ಅವನ ನಂತರ ಸುಮಾರು ಒಂಬತ್ತು ಶತಮಾನ ಕಳೆದ ಮೇಲೆ ಅಲ್ಲಿಗೆ ಬಂದ ಸ್ಲಾವ್ ಭಾಷಿಕರಿಗೂ ಏನು ಸಂಬಂಧ ಅಂತ ಇತಿಹಾಸಕಾರರು ಕೇಳಿದರು, ಯಾರೂ ಕಿವಿಗೊಡಲಿಲ್ಲ. ಬಡವನ ಕೋಪ ದವಡೆಗೆ ಮೂಲ. ಗ್ರೀಸ್‌ನಲ್ಲಿ ಅನುಮಾನ ಪಡ್ತಿದ್ದವರಿಗೆ 'ನೋಡಿ, ನಾವು ಹೇಳಿರಲಿಲ್ವಾ' ಅನ್ನೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ.

2015ರಲ್ಲಿ ವಿರೋಧ ಪಕ್ಷದ ನಾಯಕ ಝೊರಾನ್ ಝಾಯೆವ್, ಸರ್ಕಾರ 20 ಸಾವಿರಕ್ಕೂ ಹೆಚ್ಚು ಜನರ ಫೋನ್ ಕದ್ದು ಕೇಳಿಸಿಕೊಂಡಿದೆ ಅಂತ ಆರೋಪಿಸಿ ಧ್ವನಿಮುದ್ರಣಗಳನ್ನ ಬಿಡುಗಡೆ ಮಾಡೋಕೆ ಶುರು ಮಾಡಿದರು. ದೊಡ್ಡ ಬಿಕ್ಕಟ್ಟು, ಪ್ರತಿಭಟನೆ, ಚುನಾವಣೆ. 2017ರ ಏಪ್ರಿಲ್ 27ರಂದು ಗುಂಪೊಂದು ಸಂಸತ್ತಿಗೆ ನುಗ್ಗಿತು, ಝಾಯೆವ್ ಮುಖದಲ್ಲಿ ರಕ್ತ ಸುರಿಯೋ ಫೋಟೊ ಜಗತ್ತೆಲ್ಲ ನೋಡಿತು. ಮೇ ಕೊನೆಗೆ ಅದೇ ಝಾಯೆವ್ ಪ್ರಧಾನಿ ಆದರು.

ಈಗ ಬರುತ್ತೆ ಈ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ.

ಝಾಯೆವ್ ಲೆಕ್ಕಾಚಾರ ಸರಳ. ದೇಶದ ಹಿತ ಯಾವುದು? ಭದ್ರತೆ, ಹೂಡಿಕೆ, ಯುವಕರು ದೇಶ ಬಿಟ್ಟು ಹೋಗದಿರೋದು. ಅದಕ್ಕೆ ದಾರಿ ನ್ಯಾಟೋ, ಆಮೇಲೆ ಐರೋಪ್ಯ ಒಕ್ಕೂಟ. ದಾರಿಗೆ ಅಡ್ಡ ಏನಿದೆ? ಹೆಸರು. ಹಾಗಾದ್ರೆ ಹೆಸರಿನ ಬಗ್ಗೆ ಮಾತಾಡೋಣ. ವಿಮಾನ ನಿಲ್ದಾಣದಿಂದ ಅಲೆಕ್ಸಾಂಡರ್ ಹೆಸರು ತೆಗೆದರು. ಹೆದ್ದಾರಿಗೆ 'ಸ್ನೇಹ' ಅಂತ ಹೆಸರಿಟ್ಟರು. ಆ ಕಡೆ ಅಥೆನ್ಸ್‌ನಲ್ಲಿ ಎಡಪಂಥೀಯ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಇದ್ದರು. ನಡುವೆ ಮ್ಯಾಥ್ಯೂ ನಿಮೆಟ್ಸ್ ಅನ್ನೋ ಅಮೆರಿಕನ್ ವಕೀಲರು. 1994ರಿಂದ ಈ ಒಂದೇ ವಿವಾದದ ಹಿಂದೆ ಬಿದ್ದಿದ್ದವರು. ವಿಶ್ವಸಂಸ್ಥೆ ಅವರಿಗೆ ವರ್ಷಕ್ಕೆ ಕೊಡ್ತಿದ್ದ ಸಂಬಳ ಸಾಂಕೇತಿಕವಾಗಿ ಒಂದು ಡಾಲರ್.

2018ರ ಜೂನ್ 17. ಪ್ರೆಸ್ಪಾ ಸರೋವರದ ದಂಡೆಯಲ್ಲಿ ಪ್ಸರಾಡೆಸ್ ಅನ್ನೋ ಗ್ರೀಕ್ ಹಳ್ಳಿ. ಆ ಸರೋವರದ ನೀರಲ್ಲೇ ಗ್ರೀಸ್, ಮ್ಯಾಸಿಡೋನಿಯಾ, ಅಲ್ಬೇನಿಯಾ ಮೂರರ ಗಡಿ ಸೇರುತ್ತೆ. ಎರಡೂ ದೇಶದ ವಿದೇಶಾಂಗ ಸಚಿವರು, ನಿಕೋಸ್ ಕೊಟ್ಸಿಯಾಸ್ ಮತ್ತು ನಿಕೊಲಾ ದಿಮಿತ್ರೊವ್, ಅಲ್ಲಿ ಸಹಿ ಹಾಕಿದರು. ಸಹಿ ಗ್ರೀಸ್ ದಂಡೆಯಲ್ಲಿ, ಊಟ ಮ್ಯಾಸಿಡೋನಿಯಾ ದಂಡೆಯಲ್ಲಿ.

ಒಪ್ಪಂದದಲ್ಲಿ ಏನಿತ್ತು? ದೇಶದ ಹೆಸರು 'ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ' ಆಗಬೇಕು. ಹೊರಗಷ್ಟೇ ಅಲ್ಲ, ಒಳಗೂ, ಸಂವಿಧಾನದಲ್ಲೂ. ಇದು ದೊಡ್ಡ ತ್ಯಾಗ. ಬದಲಿಗೆ ಗ್ರೀಸ್ ಎರಡು ವಿಷಯ ಒಪ್ಪಿತು: ಅವರ ಭಾಷೆಯ ಹೆಸರು ಮ್ಯಾಸಿಡೋನಿಯನ್, ಪೌರತ್ವದ ಹೆಸರಲ್ಲೂ ಮ್ಯಾಸಿಡೋನಿಯನ್ ಅನ್ನೋ ಪದ ಇರುತ್ತೆ. ಆದರೆ ಆ ಭಾಷೆ ದಕ್ಷಿಣ ಸ್ಲಾವ್ ಗುಂಪಿನದ್ದು, ಪ್ರಾಚೀನ ಗ್ರೀಕ್ ಪರಂಪರೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ಇವರೂ ಬರೆದುಕೊಟ್ಟರು. ಕಾರಿನ ನಂಬರ್ ಪ್ಲೇಟ್‌ನ ಅಕ್ಷರದವರೆಗೆ ವಿವರ ಇತ್ತು: 'ಎಂಕೆ' ಹೋಗಿ 'ಎನ್‌ಎಂಕೆ' ಬರಬೇಕು. ಒಬ್ಬೊಬ್ಬರೂ ಒಂದೊಂದು ಕೊಟ್ಟರು, ಒಬ್ಬೊಬ್ಬರೂ ಒಂದೊಂದು ಪಡೆದರು, ಜಗಳಕ್ಕೆ ಕೊನೆ ಅಂತ ಒಂದು ತಾರೀಖು ಇತ್ತು. ಒಳ್ಳೆ ಒಪ್ಪಂದ ಅಂದ್ರೆ ಹೀಗಿರಬೇಕು ಅಂತ ನನಗನ್ನಿಸುತ್ತೆ.

ಆದರೆ ಅದನ್ನ ಮನೆಯಲ್ಲಿ ಒಪ್ಪಿಸೋದು ಸುಲಭ ಇರಲಿಲ್ಲ. ಸೆಪ್ಟೆಂಬರ್ 30ರಂದು ಜನಮತಗಣನೆ ಮಾಡಿದರು. ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಜನ ಹೌದು ಅಂದರು. ಸಮಸ್ಯೆ ಏನಂದ್ರೆ ಮತ ಹಾಕಿದ್ದೇ ಸುಮಾರು ಶೇ 37 ಜನ. ಬೇಕಿದ್ದದ್ದು ಅರ್ಧಕ್ಕಿಂತ ಹೆಚ್ಚು. ವಿರೋಧಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದರು. ನಿಜ ಹೇಳಬೇಕಂದ್ರೆ, ತಮ್ಮ ದೇಶದ ಹೆಸರು ಬದಲಿಸೋಕೆ ಸರತಿಯಲ್ಲಿ ನಿಂತು ಮತ ಹಾಕೋ ಮನಸ್ಸು ಎಷ್ಟು ಜನಕ್ಕೆ ಬರುತ್ತೆ? ಝಾಯೆವ್ ಸಂಸತ್ತಿಗೆ ಹೋದರು. 120 ಸದಸ್ಯರಲ್ಲಿ ಮೂರನೇ ಎರಡರಷ್ಟು ಬೇಕು. 2019ರ ಜನವರಿ 11ರಂದು 81 ಮತ ಬಿದ್ದವು. ಅದರಲ್ಲಿ ವಿರೋಧ ಪಕ್ಷದಿಂದ ಬಂದವರೂ ಇದ್ದರು. ಸಂಸತ್ತಿಗೆ ನುಗ್ಗಿದ ಪ್ರಕರಣದ ಕೆಲವು ಆರೋಪಿಗಳಿಗೆ ಕ್ಷಮಾದಾನ ನೀಡೋ ಕಾನೂನು ಕೆಲವೇ ವಾರ ಮೊದಲು ಪಾಸಾಗಿತ್ತು ಅನ್ನೋದನ್ನೂ ಹೇಳಬೇಕು. ಈ ಭಾಗ ಅಷ್ಟು ಚಂದ ಇಲ್ಲ.

ಆ ಕಡೆ ಸಿಪ್ರಾಸ್ ಮೈತ್ರಿ ಪಕ್ಷ ಸರ್ಕಾರ ಬಿಟ್ಟು ಹೋಯ್ತು. ಜನವರಿ 25ರಂದು ಗ್ರೀಕ್ ಸಂಸತ್ತು 300ರಲ್ಲಿ 153 ಮತಗಳಿಂದ ಒಪ್ಪಂದಕ್ಕೆ ಅಂಗೀಕಾರ ಕೊಟ್ಟಿತು. ಜುಲೈನಲ್ಲಿ ಸಿಪ್ರಾಸ್ ಚುನಾವಣೆ ಸೋತರು. ಬಡ್ಡಿ ಸಮೇತ ಬೆಲೆ ಕಟ್ಟಿದವರು ಅವರೂ ಹೌದು.

ನ್ಯಾಟೋ ಮಾತು ಉಳಿಸಿಕೊಂಡಿತು. 2020ರ ಮಾರ್ಚ್ 27ರಂದು ಉತ್ತರ ಮ್ಯಾಸಿಡೋನಿಯಾ ಅದರ 30ನೇ ಸದಸ್ಯ ಆಯ್ತು. ಕೋವಿಡ್ ಕಾಲ, ಬ್ರಸೆಲ್ಸ್‌ನಲ್ಲಿ ಬೆರಳೆಣಿಕೆಯ ಜನರ ನಡುವೆ ಬಾವುಟ ಏರಿತು. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದಾಗ ಇದೇ ಪುಟ್ಟ ದೇಶ ತನ್ನ ಹಳೇ ಸೋವಿಯತ್ ಮಾದರಿಯ ಟ್ಯಾಂಕ್‌ಗಳನ್ನ, ಯುದ್ಧ ವಿಮಾನಗಳನ್ನ ಯುಕ್ರೇನ್‌ಗೆ ಕೊಟ್ಟಿತು. 1992ರಲ್ಲಿ ಆಯುಧವೇ ಇಲ್ಲದೆ ಶುರುವಾದ ದೇಶ!

ಐರೋಪ್ಯ ಒಕ್ಕೂಟದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತೆ. ಹೆಸರು ಬದಲಾಗಿ ಎಂಟು ತಿಂಗಳಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಮಾತುಕತೆ ಶುರು ಮಾಡೋ ನಿರ್ಧಾರ ಆಗಬೇಕಿತ್ತು. ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರೋನ್ ಬೇಡ ಅಂದರು. ಅವರ ವಾದ: ಹೊಸಬರನ್ನ ಸೇರಿಸೋ ವಿಧಾನವೇ ಸರಿ ಇಲ್ಲ, ಮೊದಲು ಅದನ್ನ ಸುಧಾರಿಸೋಣ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಮನೆ ಮಾರಿ ದುಡ್ಡು ತಂದವನಿಗೆ ಕೌಂಟರ್‌ನಲ್ಲಿ 'ಫಾರಂ ಬದಲಾಗಿದೆ, ಮುಂದಿನ ವರ್ಷ ಬನ್ನಿ' ಅಂದ ಹಾಗಾಯ್ತು. ಒಕ್ಕೂಟದ ಆಗಿನ ಆಯೋಗದ ಅಧ್ಯಕ್ಷ ಯುಂಕರ್ ಕೂಡ ಇದನ್ನ ಐತಿಹಾಸಿಕ ತಪ್ಪು ಅಂತಲೇ ಕರೆದರು.

ಫ್ರಾನ್ಸ್ 2020ರಲ್ಲಿ ಒಪ್ಪಿತು. ಅದೇ ನವೆಂಬರ್‌ನಲ್ಲಿ ಬಲ್ಗೇರಿಯಾ ಅಡ್ಡ ನಿಂತಿತು.

ವಿಚಿತ್ರ ನೋಡಿ: 1992ರ ಜನವರಿಯಲ್ಲಿ ಈ ದೇಶಕ್ಕೆ ಮೊಟ್ಟಮೊದಲು ಮಾನ್ಯತೆ ಕೊಟ್ಟಿದ್ದೇ ಬಲ್ಗೇರಿಯಾ. ದೇಶವನ್ನ ಒಪ್ಪಿತು, ಆದರೆ ಮ್ಯಾಸಿಡೋನಿಯನ್ ಅನ್ನೋದು ಬೇರೆ ಭಾಷೆ ಅಂತ ಒಪ್ಪಲಿಲ್ಲ. ಅದು ಬಲ್ಗೇರಿಯನ್‌ನ ಒಂದು ರೂಪ, 1945ರಲ್ಲಿ ಯುಗೋಸ್ಲಾವಿಯಾ ಅದಕ್ಕೆ ಬೇರೆ ಅಕ್ಷರಮಾಲೆ, ವ್ಯಾಕರಣ ಕಟ್ಟಿಕೊಟ್ಟಿತು ಅನ್ನೋದು ಸೋಫಿಯಾದ ವಾದ. ಗೋತ್ಸೆ ದೆಲ್ಚೆವ್ ಅನ್ನೋ ಕ್ರಾಂತಿಕಾರಿಯನ್ನೇ ತಗೊಳ್ಳಿ. ಒಟ್ಟೋಮನ್ನರ ವಿರುದ್ಧ ಹೋರಾಡಿ 1903ರಲ್ಲಿ ಸತ್ತರು. ಹುಟ್ಟಿದ ಊರು ಈಗ ಗ್ರೀಸ್‌ನಲ್ಲಿದೆ. ಅವರ ಅಸ್ಥಿಯನ್ನ 1946ರಲ್ಲಿ ಸೋಫಿಯಾದಿಂದ ಸ್ಕೋಪ್ಯೆಗೆ ತಂದು ಒಂದು ಚರ್ಚಿನ ಅಂಗಳದಲ್ಲಿ ಇಟ್ಟರು. ಎರಡೂ ದೇಶಗಳಲ್ಲಿ ಅವರ ಹೆಸರಿನ ಪಟ್ಟಣ ಇದೆ. ಅವರು ಬಲ್ಗೇರಿಯನ್ನರೋ ಮ್ಯಾಸಿಡೋನಿಯನ್ನರೋ? 2017ರ ಸ್ನೇಹ ಒಪ್ಪಂದದ ಪ್ರಕಾರ ರಚನೆಯಾದ ಜಂಟಿ ಇತಿಹಾಸ ಸಮಿತಿ ಇದರ ಮೇಲೆ ವರ್ಷಗಟ್ಟಲೆ ಕೂತಿತು.

ಗ್ರೀಸ್ ಜಗಳಕ್ಕೂ ಇದಕ್ಕೂ ಇರೋ ವ್ಯತ್ಯಾಸ ಗಮನಿಸಿ. ಹೆಸರನ್ನ ಒಂದು ದಿನ ಬದಲಿಸಬಹುದು, ಬೋರ್ಡ್ ಬದಲಿಸಬಹುದು, ಆಯ್ತು ಅನ್ನಬಹುದು. 'ನಾವು ಯಾರು' ಅನ್ನೋ ಪ್ರಶ್ನೆಗೆ ನೆರೆಯವರ ಉತ್ತರವನ್ನ ಒಪ್ಪೋದು ಹೇಗೆ? ಒಪ್ಪಿದರೂ ಅದು ಮುಗೀತು ಅಂತ ಹೇಳೋರು ಯಾರು? ಸದಸ್ಯತ್ವದ ಮಾತುಕತೆಯಲ್ಲಿ ವಿಷಯಗಳನ್ನ ಗುಂಪು ಗುಂಪಾಗಿ ವಿಂಗಡಿಸಿದ್ದಾರೆ. ಪ್ರತಿ ಗುಂಪನ್ನ ತೆರೆಯೋಕೆ 27 ದೇಶಗಳ ಒಪ್ಪಿಗೆ ಬೇಕು, ಪ್ರತಿ ಅಧ್ಯಾಯ ಮುಚ್ಚೋಕೂ ಬೇಕು. ಹತ್ತಾರು ಸಲ, ಪ್ರತಿ ಸಲವೂ ಯಾರಾದರೂ ಒಬ್ಬರು ಬೇಡ ಅನ್ನಬಹುದು. ಪುಟ್ಟ ದೇಶ ಸೇರಬೇಕೆಂದಿರೋ ಒಕ್ಕೂಟದೊಳಗೆ ಅದರ ಜೊತೆ ಜಗಳ ಇರೋ ನೆರೆಯವನು ಮೊದಲೇ ಕೂತಿದ್ದರೆ, ಎರಡು ದೇಶಗಳ ಜಗಳ ಇಡೀ ಯುರೋಪಿನ ಷರತ್ತಾಗುತ್ತೆ. ಪ್ರೆಸ್ಪಾದಲ್ಲಿ ಝಾಯೆವ್ ಇಟ್ಟ ಹೆಜ್ಜೆ ತಪ್ಪು ಅಂತ ನಾನು ಹೇಳಲ್ಲ. ನ್ಯಾಟೋ ಸಿಕ್ಕಿತು, ಗ್ರೀಸ್ ಜೊತೆ ಶಾಂತಿ ಸಿಕ್ಕಿತು. ತಪ್ಪಿದ್ದು ಬ್ರಸೆಲ್ಸ್. ಬೆಲೆ ಕಟ್ಟಿದವರಿಗೆ ವಸ್ತು ಕೊಡದಿದ್ದರೆ, ಬೆಲೆ ಕಟ್ಟಬೇಡಿ ಅಂತ ಕೂಗಿದವರೇ ಸರಿ ಅಂತ ಜನ ತೀರ್ಮಾನ ಮಾಡ್ತಾರೆ.

ಆಗಿದ್ದೂ ಹಾಗೇ. 2022ರ ಬೇಸಿಗೆಯಲ್ಲಿ ಫ್ರಾನ್ಸ್ ಒಂದು ರಾಜಿ ಸೂತ್ರ ತಂದಿತು: ಸಂವಿಧಾನದಲ್ಲಿ ಬಲ್ಗೇರಿಯನ್ನರನ್ನೂ ಹೆಸರಿಸಿ, ಆಮೇಲೆ ಅಧ್ಯಾಯಗಳನ್ನ ತೆರೀತೀವಿ. ಸ್ಕೋಪ್ಯೆಯ ಬೀದಿಗಳಲ್ಲಿ ಪ್ರತಿಭಟನೆ ಆಯ್ತು. ಜುಲೈ 16ರಂದು ಸಂಸತ್ತು 68 ಮತಗಳಿಂದ ಸೂತ್ರ ಒಪ್ಪಿತು. ಜುಲೈ 19ರಂದು ಮಾತುಕತೆ ಔಪಚಾರಿಕವಾಗಿ ಶುರುವಾಯ್ತು. ಅಭ್ಯರ್ಥಿ ಮಾನ್ಯತೆ ಸಿಕ್ಕಿ ಆಗಲೇ ಹದಿನಾರೂವರೆ ವರ್ಷ ಆಗಿತ್ತು. ಆದರೆ ಸಂವಿಧಾನ ತಿದ್ದೋಕೆ ಮೂರನೇ ಎರಡರಷ್ಟು ಮತ ಬೇಕು, ಅದು ಸಿಗಲೇ ಇಲ್ಲ. 2021ರ ಜನಗಣತಿಯಲ್ಲಿ ತಮ್ಮನ್ನ ಬಲ್ಗೇರಿಯನ್ನರು ಅಂತ ಹೇಳಿಕೊಂಡವರು 3,504 ಜನ. ಇಷ್ಟು ಜನರ ಹೆಸರು ಸೇರಿಸೋಕೆ ಏನು ಕಷ್ಟ ಅಂತ ನೀವು ಕೇಳಬಹುದು. ಸ್ಕೋಪ್ಯೆಯಲ್ಲಿ ಕೇಳೋ ಪ್ರಶ್ನೆ ಬೇರೆ: ಇದಾದ ಮೇಲೆ ಇನ್ನೇನು ಕೇಳ್ತಾರೆ?

2024ರ ಮೇನಲ್ಲಿ ಹಳೇ ರಾಷ್ಟ್ರೀಯವಾದಿ ಪಕ್ಷ ಭಾರಿ ಗೆಲುವಿನೊಂದಿಗೆ ವಾಪಸ್ ಬಂತು. ಆ ಪಕ್ಷದ ಬೆಂಬಲದಿಂದ ಗೆದ್ದ ಗೊರ್ಡಾನಾ ಸಿಲ್ಯಾನೊವ್ಸ್ಕಾ-ದಾವ್ಕೊವಾ ದೇಶದ ಮೊದಲ ಮಹಿಳಾ ಅಧ್ಯಕ್ಷೆ ಆದರು. ಪ್ರಮಾಣವಚನ ಸ್ವೀಕರಿಸುವಾಗ ಅವರು 'ಉತ್ತರ' ಅನ್ನೋ ಪದ ಬಿಟ್ಟು ಬರೀ ಮ್ಯಾಸಿಡೋನಿಯಾ ಅಂದರು. ಅಲ್ಲೇ ಕೂತಿದ್ದ ಗ್ರೀಕ್ ರಾಯಭಾರಿ ಎದ್ದು ಹೊರಗೆ ನಡೆದರು. ಹೊಸ ಪ್ರಧಾನಿ ಹ್ರಿಸ್ಟಿಯಾನ್ ಮಿಟ್ಸ್‌ಕೊಸ್ಕಿ ಹೇಳ್ತಿರೋದು: ತಿದ್ದುಪಡಿ ಮಾಡಬಹುದು, ಆದರೆ ಅದು ಜಾರಿಗೆ ಬರೋದು ಒಕ್ಕೂಟ ಸೇರಿದ ಮೇಲೆ, ಜೊತೆಗೆ ಇದೇ ಕೊನೇ ಬೇಡಿಕೆ ಅನ್ನೋ ಗ್ಯಾರಂಟಿ ಬೇಕು. ಬ್ರಸೆಲ್ಸ್ ಮತ್ತು ಸೋಫಿಯಾ ಹೇಳ್ತಿರೋದು: ಒಪ್ಪಂದ ಒಪ್ಪಂದವೇ, ಮೊದಲು ತಿದ್ದುಪಡಿ.

ಅಲ್ಲಿಯವರೆಗೆ ಅಲ್ಬೇನಿಯಾವನ್ನ ಉತ್ತರ ಮ್ಯಾಸಿಡೋನಿಯಾ ಜೊತೆಯಲ್ಲೇ ಕಟ್ಟಿಹಾಕಿದ್ದರು. ಒಂದೇ ಜೋಡಿ ಎತ್ತಿನ ಹಾಗೆ ಎರಡೂ ಒಟ್ಟಿಗೆ ಮುಂದೆ ಹೋಗಬೇಕಿತ್ತು. 2024ರ ಸೆಪ್ಟೆಂಬರ್‌ನಲ್ಲಿ ನೊಗ ಬಿಚ್ಚಿದರು. ಅಕ್ಟೋಬರ್ 15ರಂದು ಅಲ್ಬೇನಿಯಾ ಒಂಟಿಯಾಗಿ ಹೋಗಿ ಮೊದಲ ಗುಂಪಿನ ಅಧ್ಯಾಯಗಳನ್ನ ತೆರೆಯಿತು. ಸ್ಕೋಪ್ಯೆಯ ಸಂಸತ್ತಿನಲ್ಲಿ ತಿದ್ದುಪಡಿಗೆ ಬೇಕಾದ 80 ಮತ ಕೂಡಿಬರದೆ, ಉತ್ತರ ಮ್ಯಾಸಿಡೋನಿಯಾ ಹಿಂದೆ ಉಳಿಯಿತು.